ಬಕೆಟ್ ಮಗುಚೋ ಕಾರಂಜಿಗೂ ಕಾನೂನಿನ ರಕ್ಷಣೆ: ನಮ್ಮಲ್ಲಿ ಯಾಕಿಲ್ಲ?

ನಂದಗುಡಿ: ಸಂರಕ್ಷಿತ ಸ್ಮಾರಕ ಅಂದ್ರೆ ನಮ್ಮ ಕಡೆ ಹಳೇ ದೇವಸ್ಥಾನ, ಕೋಟೆ, ವೀರಗಲ್ಲು ನೆನಪಾಗುತ್ತೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಬಕೆಟ್‌ಗಳ ಕಾರಂಜಿಯೊಂದು ಸಂರಕ್ಷಿತ ಪಟ್ಟಿಯಲ್ಲಿದೆ. ಅದು ಶುರುವಾಗಿದ್ದೇ 1967ರಲ್ಲಿ.

ವೇಲ್ಸ್ ಮೂಲದ ರಿಚರ್ಡ್ ಹ್ಯೂಸ್ ಇದರ ವಿನ್ಯಾಸಕಾರ. ಎತ್ತರದ ಕಂಬಗಳಿಗೆ 20 ಲೋಹದ ಬಕೆಟ್ ಸಿಕ್ಕಿಸಿದ್ದಾರೆ. ನೀರು ಮೇಲೆತ್ತೋದು ಮಾತ್ರ ಪಂಪಿನ ಕೆಲಸ. ಖಾಲಿ ಬಕೆಟ್‌ಗೆ ಬುಡದ ಕಡೆ ಭಾರ, ನೆಟ್ಟಗೆ ನಿಲ್ಲುತ್ತೆ. ತುಂಬುತ್ತಾ ಬಂದಂತೆ ಭಾರ ಮೇಲಕ್ಕೆ ಸರಿದು, ಆಯ ತಪ್ಪಿ ದಬಕ್ಕನೆ ಮಗುಚುತ್ತೆ; ಖಾಲಿಯಾದ ಕೂಡಲೇ ಮತ್ತೆ ನೆಟ್ಟಗೆ. ವಾಟರ್ ಪಾರ್ಕಲ್ಲಿ ಮಕ್ಕಳ ತಲೆ ಮೇಲೆ ಸುರಿಯೋ ದೊಡ್ಡ ಬಕೆಟ್ ನೋಡಿದವರಿಗೆ ಇದು ಗೊತ್ತು. ಬಕೆಟ್‌ಗಳ ಗಾತ್ರ ಬೇರೆ ಬೇರೆ, ಹಾಗಾಗಿ ಮುಂದೆ ಮಗುಚೋದು ಯಾವುದು ಅಂತ ಹೇಳೋಕಾಗಲ್ಲ. ಕೆಆರ್‌ಎಸ್‌ ಬೃಂದಾವನದ ಕಾರಂಜಿ ಹಾಡಿಗೆ ಕುಣಿಯುತ್ತೆ. ಇಲ್ಲಿ ನೀರು ಬೀಳೋ ಸದ್ದೇ ಹಾಡು.

ಅಲ್ಲಿನ ನಾಗರಿಕ ಸಂಘ ಇದರ ಪರ ದನಿ ಎತ್ತಿತ್ತು. 2019ರಲ್ಲಿ ಕಾರಂಜಿ ಎರಡನೇ ದರ್ಜೆಯ ಪಟ್ಟಿಗೆ ಸೇರಿತು. ಈಗ ಅನುಮತಿ ಇಲ್ಲದೆ ಕಿತ್ತುಹಾಕುವಂತಿಲ್ಲ, ಸ್ವರೂಪ ಬದಲಿಸುವಂತಿಲ್ಲ. ಹಾಗಂತ ಪಟ್ಟಿಗೆ ಸೇರಿದ ಮಾತ್ರಕ್ಕೆ ಮೋಟರ್ ತಾನಾಗೇ ಓಡಲ್ಲ. ಪಂಪು ನಿಂತರೆ ಉಳಿಯೋದು ಬರೀ ಕಂಬ, ಬಕೆಟ್.

ನಮ್ಮಲ್ಲಿ ತೊಡಕು ವಯಸ್ಸಿನದು. ಕೇಂದ್ರದ 1958ರ ಸ್ಮಾರಕ ಕಾಯ್ದೆಯೂ ರಾಜ್ಯದ 1961ರ ಕಾಯ್ದೆಯೂ ಕೇಳೋದು ಕನಿಷ್ಠ 100 ವರ್ಷ. ಇಂಗ್ಲೆಂಡಲ್ಲಿ ಸಾಮಾನ್ಯವಾಗಿ 30 ವರ್ಷ ದಾಟಿದ್ದರೆ ಪರಿಗಣಿಸ್ತಾರೆ. ಈ ವ್ಯತ್ಯಾಸದ ಬೆಲೆ ದೆಹಲಿಯಲ್ಲಿ ಗೊತ್ತಾಯಿತು. ಪ್ರಗತಿ ಮೈದಾನದಲ್ಲಿ 1972ರಲ್ಲಿ ಕಟ್ಟಿದ, ರಾಜ್ ರೇವಲ್ ವಿನ್ಯಾಸದ ಹಾಲ್ ಆಫ್ ನೇಷನ್ಸ್ ಜಗತ್ತಿನಾದ್ಯಂತ ವಾಸ್ತುಶಿಲ್ಪಿಗಳು ಮೆಚ್ಚಿದ ಕಟ್ಟಡ. 60 ವರ್ಷ ತುಂಬಿಲ್ಲ ಅಂತ ಅಲ್ಲಿನ ಪಾರಂಪರಿಕ ಸಮಿತಿ ಕೈಬಿಟ್ಟಿತು. 2017ರ ಏಪ್ರಿಲ್‌ನಲ್ಲಿ ನೆಲಸಮ.

ಒಂದು ದಾರಿ ಮಾತ್ರ ತೆರೆದಿದೆ. ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಅಂತ ಘೋಷಿಸೋಕೆ ನೋಡೋದು ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ, ಸಂಸ್ಕೃತಿಯ ಮೌಲ್ಯವನ್ನು. ಘೋಷಿಸಬೇಕಾದ್ದು ಆಯಾ ಯೋಜನಾ ಪ್ರಾಧಿಕಾರ. ಊರಿನ ಯಾವುದಾದರೂ ಕಟ್ಟಡ ಉಳೀಬೇಕು ಅನ್ನೋರು ಜೆಸಿಬಿ ಬರೋ ಮೊದಲೇ ಅಲ್ಲಿಗೆ ಅರ್ಜಿ ಬರೆಯಬಹುದು.