ಹಬ್ಬದ ಬೇಡಿಕೆಗೆ ಅಣಿಯಾದ ನಾಗರಬಾವಿಯ ಅಂಗಡಿ

ನಮ್ಮ ಸದಸ್ಯರೊಬ್ಬರ ಮಗಳು ನಾಗರಬಾವಿಯ ಮನೆಯ ಕೋಣೆಯೊಂದರಿಂದ ಆನ್‌ಲೈನ್‌ನಲ್ಲಿ ಕಾಫಿಪುಡಿಯನ್ನೂ ಅಡಿಕೆಯನ್ನೂ ಮಾರುತ್ತಿದ್ದಾರೆ. ಕಳೆದ ದೀಪಾವಳಿಗೆ ಪುಡಿ ಮುಗಿದ ಮೇಲೂ ಆರ್ಡರ್‌ಗಳು ಬರುತ್ತಲೇ ಇದ್ದವು. ಹಣ ಹಿಂದಿರುಗಿಸುವುದರಲ್ಲೇ ಹಬ್ಬ ಕಳೆಯಿತು. ಈ ಬಾರಿ ನಾವೂ ಅವರೊಡನೆ ಕುಳಿತು ಲೆಕ್ಕ ಹಾಕಿದೆವು.

ಹುರಿದಾಗ ಬೀಜದ ತೂಕ ಶೇಕಡಾ 15ರಿಂದ 20ರಷ್ಟು ಇಳಿಯುತ್ತದೆ. 100 ಕಿಲೋ ಬೀಜಕ್ಕೆ 100 ಕಿಲೋ ಅಪ್ಪಟ ಪುಡಿಯ ಆರ್ಡರ್ ಹಿಡಿದದ್ದೇ ಮೊದಲ ತಪ್ಪು. ಹಾಗೆಂದು ತಿಂಗಳ ಮುಂಚೆಯೇ ಬೀಸಿಟ್ಟರೆ ಪರಿಮಳ ಹಾರಿಹೋಗುತ್ತದೆ. ಹುರಿದ ಬೀಜವನ್ನು ಕೆಲದಿನ ಇಡಬಹುದು. ಆದರೆ ಅದು ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಕವಾಟವಿಲ್ಲದ ಚೀಲ ಉಬ್ಬುತ್ತದೆ. ಆದ್ದರಿಂದ ಚೀಲ, ಲೇಬಲ್, ರಟ್ಟಿನ ಪೆಟ್ಟಿಗೆಗಳನ್ನು ನವರಾತ್ರಿಗೆ ಮುಂಚೆ ತರಿಸುವುದು, ಪುಡಿಯನ್ನು ಮಾತ್ರ ಆಯಾ ದಿನವೇ ಬೀಸುವುದು ಎಂದು ನಿಶ್ಚಯವಾಯಿತು. ಚಿಕೋರಿ ಬೆರೆಸಿದರೆ ಅದರ ಪ್ರಮಾಣವನ್ನು ಲೇಬಲ್ಲಿನಲ್ಲಿ ಕಾಣಿಸಲೇಬೇಕು. ಕಾಫಿಯ ಪಾಲು ಶೇಕಡಾ 51ಕ್ಕಿಂತ ಕಡಿಮೆಯಿರಕೂಡದು. ಅಡಿಕೆಗೆ ಇಷ್ಟು ತೊಂದರೆಯಿಲ್ಲ, ಬೂಷ್ಟು ಹಿಡಿಯದಂತೆ ಒಣಗಿಸಿಟ್ಟರಾಯಿತು.

ಆಯುಧಪೂಜೆಯಂದು ಕೊರಿಯರ್ ವ್ಯಾನುಗಳಿಗೂ ಪೂಜೆ, ಹೂವಿನ ಹಾರ! ಅಂದು ಪಾರ್ಸೆಲ್ ಹೊರಟೀತೆಂಬ ಭರವಸೆಯಿಲ್ಲ. ಹಬ್ಬಕ್ಕೆ ತಲಪಬೇಕಾದ ಆರ್ಡರಿನ ಕೊನೆಯ ದಿನವನ್ನು ಅಂಗಡಿಯ ಪುಟದ ತಲೆಯಲ್ಲೇ ಬರೆಸಿದ್ದಾರೆ. ದಾಸ್ತಾನು ಮುಗಿದೊಡನೆ ಆರ್ಡರ್ ತಾನಾಗಿ ನಿಲ್ಲುವ ಏರ್ಪಾಡೂ ಆಗಿದೆ. ತೋಟದಿಂದ ಇನ್ನೂ 25 ಕಿಲೋ ಬೀಜ ಕಳಿಸುವುದಾಗಿ ತಂದೆಯವರು ತಿಳಿಸಿದ್ದಾರೆ.