ಯಾವ ಮೀನಿಗೆ ಯಾವ ಮೀನು ಜೋಡಿ?



ಹಳೇ ವಿದ್ಯಾರ್ಥಿಗಳು ನಮ್ಮ ಶಾಲೆಗೆ ಮೀನು ಸಾಕುವ ಗಾಜಿನ ಪೆಟ್ಟಿಗೆ ಕೊಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ಅದಿನ್ನೂ ಖಾಲಿ ಇದೆ. ಅಕ್ಕೋರು ನಕಾಶೆ ತೋರಿಸಿ, "ಥೈಲ್ಯಾಂಡ್, ಮಲೇಷ್ಯಾ, ಇಂಡೋನೇಷ್ಯಾ ಈ ಕಡೆ ಮೀನು ಅಷ್ಟೇ ಸಾಕೂಣು. ಯಾವ್ಯಾವ ಬೇಕು ನೀವೇ ಆರಿಸ್ರಿ" ಅಂದಿದ್ದಾರೆ. ಬರುವ ಶನಿವಾರ ಕೈ ಎತ್ತಿ ಆರಿಸುವುದಿದೆ. ವರ್ಗದಲ್ಲಿ ಬಹಳ ಮಂದಿ ಫೈಟರ್ ಬೇಕು, ಟೈಗರ್ ಬೇಕು, ಶಾರ್ಕ್ ಬೇಕು ಅಂತಾರ. ಈ ಮೂರೂ ಆ ಕಡೆಯವೇ ಹೌದು. ಆದರೆ ಒಂದೇ ಊರಿನವರು ಅಂದರೆ ಜಗಳ ಆಡುವುದಿಲ್ಲ ಅಂತ ಅಲ್ಲ! ಕೈ ಎತ್ತುವ ಮೊದಲು ಇದನ್ನು ಓದಿರಿ.

ಹೋದ ದೀಪಾವಳಿಗೆ ಮಾಮಾ ನನಗೆ ಇಚಲಕರಂಜಿಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಒಂದು ಕೆಂಪು ಫೈಟರ್ ಮತ್ತು ಮೂರು ಟೈಗರ್ ಬಾರ್ಬ್ ಕೊಡಿಸಿದರು. "ಇವು ಕೂಡಿ ಇರ್ತಾವೇನ್ರಿ?" ಅಂತ ನಾನು ಅಂಗಡಿಯಲ್ಲಿ ಕೇಳಲೇ ಇಲ್ಲ. ಫೈಟರ್ ಮೀನಿನ ರೆಕ್ಕೆ ಸೀರೆ ಸೆರಗಿನ ಹಾಗೆ ಉದ್ದ. ಟೈಗರ್ ಬಾರ್ಬ್‌ಗಳು ಅದನ್ನೇ ಕಚ್ಚಿ ಕಚ್ಚಿ ಹರಿದವು. ಐದನೇ ದಿನ ಫೈಟರ್ ಸತ್ತಿತು. ನನ್ನ ತಂಗಿ ಅವತ್ತು ಊಟ ಮಾಡಲಿಲ್ಲ. ನಾನು ಟೈಗರ್ ಬಾರ್ಬ್‌ಗಳಿಗೆ ಬೈದೆ. ಆಮೇಲೆ ಓದಿ, ಕೇಳಿ ತಿಳಿಯಿತು, ತಪ್ಪು ಅವುಗಳದ್ದಲ್ಲ, ಜೋಡಿ ಮಾಡಿದ ನನ್ನದು.

ಅದಕ್ಕೇ ಯಾವ ಮೀನು ತರುವ ಮೊದಲೂ ಈ ಐದು ಪ್ರಶ್ನೆ ಕೇಳಬೇಕು.

1. ಎಂಥ ನೀರು ಬೇಕು?
ಆ ದೇಶಗಳು ಭೂಮಧ್ಯರೇಖೆಯ ಹತ್ತಿರ ಇವೆ. ಅಲ್ಲಿಯ ಮೀನಿಗೆ 25 ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರು ಬೇಕು. ನಮ್ಮಲ್ಲಿ ಡಿಸೆಂಬರ್ ಮುಂಜಾನೆ ಎಷ್ಟು ಥಂಡಿ ಇರುತ್ತದೆ ನಿಮಗೇ ಗೊತ್ತು. ಆದ್ದರಿಂದ ಹೀಟರ್ ಬೇಕೇ ಬೇಕು. ಕರೆಂಟ್ ಹೋದರೆ ಪೆಟ್ಟಿಗೆಗೆ ಕಂಬಳಿ ಸುತ್ತಬೇಕು. ಚೀನಾದಿಂದ ಬಂದ ಗೋಲ್ಡ್‌ಫಿಶ್‌ಗೆ ತಂಪು ನೀರು ಇಷ್ಟ, ಅದು ಈ ಗುಂಪಿಗೆ ಕೂಡುವುದಿಲ್ಲ. ಇನ್ನೊಂದು ಮಾತು, ಈ ಮೀನುಗಳ ಮೂಲ ಊರು ಕಾಡಿನ ಹಳ್ಳ. ಅಲ್ಲಿಯ ನೀರು ಮಳೆ ನೀರಿನ ಹಾಗೆ ಇರುತ್ತದೆ. ಪಾತ್ರೆಗೆ ಬಿಳಿ ಪದರು ಹಿಡಿಸುವ ಸವಳು ಬೋರಿನ ನೀರು ಅವಕ್ಕೆ ಒಳ್ಳೇದಲ್ಲ. ನಳದ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಇಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆ ಹಾಕಬೇಕು.

2. ಬೆಳೆದ ಮೇಲೆ ಎಷ್ಟು ಉದ್ದ?
ಅಂಗಡಿಯಲ್ಲಿ ಶಾರ್ಕ್ ಅಂತ ಮಾರುವುದು ಶಾರ್ಕ್ ಅಲ್ಲ. ಅದು ಮೆಕಾಂಗ್ ನದಿಯ ಮೀಸೆ ಮೀನು. ನಮ್ಮ ದೇಶದಲ್ಲಿ ಹೊಂಡ ಮಾಡಿ ಸಾಕಿ, ಪಂಗಾಸ್ ಅಂತ ಬಾಜಾರದಲ್ಲಿ ತೂಗಿ ಮಾರುವುದು ಇದೇ ಮೀನನ್ನು! ಇದು ಒಂದು ಮೀಟರಿಗಿಂತ ಹೆಚ್ಚು ಬೆಳೆಯಬಲ್ಲದು. ನಮ್ಮ ಪೆಟ್ಟಿಗೆಯ ಉದ್ದವೇ 90 ಸೆಂ.ಮೀ. ಒಂದು ಮೀನು ಇನ್ನೊಂದರ ಬಾಯಿಯಲ್ಲಿ ಹಿಡಿಸುವಷ್ಟು ಸಣ್ಣದಿದ್ದರೆ ಅದು ಗೆಳೆಯ ಅಲ್ಲ, ಊಟ.

3. ಸ್ವಭಾವ ಹೇಗೆ?
ಥೈಲ್ಯಾಂಡ್ ದೇಶ 2019 ರಲ್ಲಿ ಫೈಟರ್ ಮೀನನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಸಾರಿತು. ಅಷ್ಟು ದೊಡ್ಡ ಮರ್ಯಾದೆ ಅದಕ್ಕೆ. ಆದರೆ ಎರಡು ಗಂಡು ಒಂದೆಡೆ ಬಿಟ್ಟರೆ ಸಾಯುವ ತನಕ ಕಾದಾಡುತ್ತವೆ. ಅದನ್ನು ಒಂಟಿಯಾಗಿ ಸಾಕುವುದೇ ಸರಿ.

4. ಒಂಟಿಯೋ, ಗುಂಪೋ?
ಟೈಗರ್ ಬಾರ್ಬ್ ಗುಂಪಿನ ಮೀನು. ಎಂಟು ಹತ್ತು ಇದ್ದರೆ ತಮ್ಮ ತಮ್ಮೊಳಗೇ ಬೆನ್ನಟ್ಟಿ ಆಡುತ್ತವೆ. ಮೂರೇ ಇದ್ದರೆ ಬೇರೆಯವರ ಮೇಲೆ ಬೀಳುತ್ತವೆ. ನಮ್ಮ ಮನೆಯಲ್ಲಿ ಆದದ್ದು ಇದೇ.

5. ಎಲ್ಲಿ ಇರುತ್ತದೆ?
ಕೆಲವು ಮೀನು ಮೇಲೆ, ಕೆಲವು ನಡುವೆ, ಕೆಲವು ತಳದಲ್ಲಿ ಇರುತ್ತವೆ. ಮೂರೂ ಕಡೆ ಹಂಚಿದರೆ ಗದ್ದಲ ಕಡಿಮೆ.

ನನ್ನ ಪಟ್ಟಿ

ಮೇಲೆ: ಪರ್ಲ್ ಗೌರಾಮಿ 3 (1 ಗಂಡು, 2 ಹೆಣ್ಣು). ಮೈ ಮೇಲೆ ಮುತ್ತು ಚೆಲ್ಲಿದ ಹಾಗೆ ಚುಕ್ಕೆ. 10 ರಿಂದ 12 ಸೆಂ.ಮೀ. ಬೆಳೆಯುತ್ತದೆ. ನಮ್ಮ ಕೊರವ ಮೀನಿನ ಹಾಗೆ ಇದೂ ಮೇಲೆ ಬಂದು ಗಾಳಿ ಕುಡಿಯುತ್ತದೆ. ಅದಕ್ಕೇ ಪೆಟ್ಟಿಗೆ ತುಂಬ ನೀರು ಹಾಕಬಾರದು.

ನಡುವೆ: ಹಾರ್ಲಿಕ್ವಿನ್ ರಾಸ್ಬೋರಾ 10. ಬರೀ 4 ರಿಂದ 5 ಸೆಂ.ಮೀ. ಹಿಂಭಾಗದಲ್ಲಿ ಕರಿ ತ್ರಿಕೋನ ಇರುತ್ತದೆ. ಯಾರ ತಂಟೆಗೂ ಹೋಗುವುದಿಲ್ಲ.

ಕೆಳಗೆ: ಕೂಲಿ ಲೋಚ್ 6. ನೋಡಲು ಸಣ್ಣ ಹಾವಿನ ಹಾಗೆ, ಮೈ ಮೇಲೆ ಪಟ್ಟೆ. ಹೆಸರು ಕೂಲಿ, ಆದರೆ ಹಗಲು ಕೆಲಸಕ್ಕೆ ಬರೂದಿಲ್ಲ! ರಾತ್ರಿ ಹೊರಗೆ ಬಂದು ತಳಕ್ಕೆ ಬಿದ್ದ ಆಹಾರ ತಿನ್ನುತ್ತದೆ. ಅದಕ್ಕೆ ತೊಳೆದ ಸಣ್ಣ ಉಸುಕು ಬೇಕು, ಹರಳು ಬೇಡ.

ಇಷ್ಟು ಮೀನಿಗೆ ಜಾಗ ಸಾಕೇ? ಗಣಿತ ಮಾಡಿ ನೋಡೋಣ. ಉದ್ದ 90, ಅಗಲ 30, ನೀರಿನ ಎತ್ತರ 35 ಸೆಂ.ಮೀ. ಗುಣಿಸಿದರೆ 94,500 ಘನ ಸೆಂ.ಮೀ., ಅಂದರೆ 94.5 ಲೀಟರ್. ಉಸುಕು, ಕಲ್ಲು ಕಳೆದರೆ ಸುಮಾರು 85 ಲೀಟರ್. ಇಷ್ಟು ಮೀನಿಗೆ ಸಾಕು, ಇನ್ನೂ ಹೆಚ್ಚು ಬೇಡ.

ಎಲ್ಲ ಮೀನು ಒಂದೇ ದಿನ ಹಾಕಬಾರದು. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್‌ನಿಂದ ಅಷ್ಟು ತೊಂದರೆ ಇಲ್ಲ. ಆದರೆ ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಮೊದಲು ಐದು ರಾಸ್ಬೋರಾ ಅಷ್ಟೇ. ಅವು ಆರಾಮ ಇದ್ದರೆ ಮುಂದೆ ಉಳಿದವು, ಎಲ್ಲಕ್ಕೂ ಕೊನೆಗೆ ಗೌರಾಮಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿ ಮಾಡಬೇಕು.

ಸಾಕುವುದು ಬೇಸರ ಆತು ಅಂತ ಮೀನನ್ನು ದೂಧಗಂಗಾ ಹೊಳೆಗೆ ಮಾತ್ರ ಬಿಡಬಾರದು. ಆಫ್ರಿಕಾದ ತಿಲಾಪಿಯಾ ಮೀನನ್ನು 1952 ರಲ್ಲಿ ಭಾರತಕ್ಕೆ ತಂದರು. ಈಗ ಅದು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ತುಂಬಿಕೊಂಡು ಅಲ್ಲಿಯ ಮೀನಿಗೆ ಜಾಗ ಇಲ್ಲದ ಹಾಗೆ ಮಾಡಿದೆ.

ಟೈಗರ್ ಬಾರ್ಬ್ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಹತ್ತು ಟೈಗರ್ ಬಾರ್ಬ್, ಕೆಳಗೆ ಆರು ಕೂಲಿ ಲೋಚ್, ಅಷ್ಟೇ ತರೋಣ. ಅದೂ ಚಂದ. ಆದರೆ ಉದ್ದ ಮೀಸೆಯಂಥ ರೆಕ್ಕೆ ಇರುವ ಗೌರಾಮಿ ಜೊತೆಗೆ ಅವು ಬ್ಯಾಡ.

ಶನಿವಾರ ನಾನು ನನ್ನ ಪಟ್ಟಿಗೆ ಕೈ ಎತ್ತುತ್ತೇನೆ. ನೀವು ವಿಚಾರ ಮಾಡಿ ನಿಮ್ಮ ಕೈ ಎತ್ತಿರಿ. ನನ್ನ ತಂಗಿ ಇನ್ನೂ ಮೂರನೇ ಇಯತ್ತೆ, ಅವಳಿಗೆ ಕೈ ಎತ್ತಲು ಇಲ್ಲ. ಆದರೆ ದಿನಾ ಬಿಡುವಿನಲ್ಲಿ ನೋಡಲು ಬರುತ್ತೇನೆ ಅಂದಿದ್ದಾಳೆ. ಈ ಸಲ ಅವಳು ಅಳಬಾರದು.

ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ವಿನಂತಿ.

7ನೇ ಇಯತ್ತೆಯ ವಿದ್ಯಾರ್ಥಿ, ಏಕಸಂಬಿ