ಅಂಗಡಿ ಗೋಡೆಗೆ ಚಿತ್ರ: ಆರ್ಡರ್ ಒಪ್ಪುವ ಮುನ್ನ ಕಲಾವಿದರು ಹಾಕಬೇಕಾದ ಲೆಕ್ಕ

ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವ ಕೆಲಸ ಕಳೆದುಕೊಂಡ ಕಲಾವಿದರಿಗೆ ಹೋಟೆಲ್, ಬೇಕರಿ, ಶಾಲೆ ಗೋಡೆಗಳ ಚಿತ್ರವೇ ಈಗ ಆಸರೆ. ಆದರೆ ‘ಚದರಡಿಗೆ ಎಷ್ಟು?’ ಅಂತ ಕೇಳಿದ ಕೂಡಲೇ ಬಾಯಿಗೆ ಬಂದ ದರ ಹೇಳಿದರೆ ಕೈ ಸುಟ್ಟುಕೊಳ್ಳೋದು ಖಚಿತ.

ಉದಾಹರಣೆಗೆ, 10 ಅಡಿ ಅಗಲ, 8 ಅಡಿ ಎತ್ತರದ ಗೋಡೆ. ಚದರಡಿಗೆ 100 ರೂಪಾಯಿ ಅಂದರೆ 8,000 ರೂ. ಕೇಳಲು ಚೆನ್ನಾಗಿದೆ. ಪ್ರೈಮರ್, ಬಣ್ಣ, ಬ್ರಷ್‌ಗೆ 3,000, ಹೆಲ್ಪರ್‌ಗೆ ಎರಡು ದಿನದ ಕೂಲಿ 1,400, ಸಾರುವೆ ಬಾಡಿಗೆ, ಆಟೋ ಸೇರಿ 600 ಹೋಯಿತು ಅಂದುಕೊಳ್ಳಿ. ಉಳಿದದ್ದು 3,000. ಸ್ಕೆಚ್ ತೋರಿಸಿ ಒಪ್ಪಿಸುವ ದಿನವೂ ಸೇರಿ ನಾಲ್ಕು ದಿನದ ಕೆಲಸವಾದರೆ ದಿನಕ್ಕೆ ಬರೀ 750. ಹೆಲ್ಪರ್ ಕೂಲಿಗಿಂತ 50 ರೂಪಾಯಿ ಹೆಚ್ಚು, ಅಷ್ಟೇ! ಹಾಗಾಗಿ ಮೊದಲು ದಿನದ ಸಂಬಳ ಲೆಕ್ಕ ಹಾಕಿ, ಆಮೇಲೆ ಚದರಡಿ ದರ ಹೇಳುವುದೇ ಸರಿ. ಸಾಮಾನಿನ ಖರ್ಚಾದರೂ ಅಡ್ವಾನ್ಸ್ ಆಗಿ ಬರಲೇಬೇಕು.

ಗೋಡೆಯನ್ನು ಕಣ್ಣಾರೆ ನೋಡದೆ ಒಪ್ಪಬಾರದು. ಹೊಸ ಗಾರೆ ಒಣಗಿರದಿದ್ದರೆ, ಹಿಂಬದಿ ಬಚ್ಚಲಿನ ತೇವ ಇದ್ದರೆ ಬಣ್ಣ ಉಬ್ಬಿ ಉದುರುತ್ತದೆ. ಬೈಗುಳ ಮಾತ್ರ ಕಲಾವಿದರಿಗೆ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರದ್ದೇ. ಅದೇ ಚಿತ್ರವನ್ನು ಪ್ರಿಂಟ್ ಮಾಡಿ ಮಾರಬೇಕೆಂದಿದ್ದರೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಆದರೆ ‘ಇದು ನನ್ನ ಕೃತಿ’ ಎನ್ನುವ ಹಕ್ಕು 57ನೇ ಸೆಕ್ಷನ್ ಪ್ರಕಾರ ಕಲಾವಿದರಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಹಾಳುಗೆಡವಿದಾಗ, 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ 5 ಲಕ್ಷ ರೂ. ಪರಿಹಾರ ಕೊಡಿಸಿತ್ತು. ಹಾಗಾಗಿ ಮೂಲೆಯಲ್ಲಿ ಹೆಸರು ಬರೆಯೋಕೆ ಸಂಕೋಚ ಬೇಡ. ಅಂಗಡಿಯವರೂ ಬೇಡ ಅನ್ನಬಾರದು. ಫೋನ್ ನಂಬರ್ ಹಾಕುವುದನ್ನು ಮಾತ್ರ ಕೇಳಿಕೊಂಡೇ ಹಾಕಬೇಕು.

ಚಿತ್ರದ ಜೊತೆ ಅಂಗಡಿ ಹೆಸರನ್ನೂ ಬರೆಯುವುದಾದರೆ ಒಂದು ಎಚ್ಚರ: 2024ರ ತಿದ್ದುಪಡಿ ಕಾಯ್ದೆಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಸ್ಕೆಚ್ ಹಂತದಲ್ಲೇ ಜಾಗ ಬಿಟ್ಟುಕೊಂಡರೆ ಆಮೇಲೆ ಅಳಿಸಿ ಬರೆಯುವ ಕೆಲಸ ತಪ್ಪುತ್ತದೆ.